ಬೋಲ್ಟು ಹೇಗೆ ಮುರಿಯಿತು? ಕೋಲಾರದ ಒಂದು ಜಿಪ್ಸಿ ಹಬ್‌ನ ಪ್ರಕರಣ

ಮೇ ತಿಂಗಳ ಕೊನೆಯ ವಾರ. ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲು ಜೋರಾಗಿತ್ತು. ಕೋಲಾರದ ಹೊರಗಿರುವ ನನ್ನ ಗ್ಯಾರೇಜಿಗೆ ಒಂದು ಬೆಳಗ್ಗೆ ಹಳೆಯ ಮಾರುತಿ ಜಿಪ್ಸಿ ಜೀಪು ಬಂತು. ತಾನೇ ಓಡಿಕೊಂಡು ಬಂತು, ಆದರೆ ಹಿಂದಿನ ಎರಡು ಚಕ್ರದ ಬಲದ ಮೇಲೆ ಮಾತ್ರ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ವೀಲ್ ಗೇರು ಹಾಕಿದರೆ ಮುಂದಿನ ಬಲಗಡೆ ಚಕ್ರದಿಂದ ಟಕ್ ಟಕ್ ಅಂತ ಸದ್ದು. ಎಳೆತ ಮಾತ್ರ ಇಲ್ಲ.

ಮಾಲೀಕರು ಮಾವಿನ ತೋಟದವರು. ತೋಟ ಇರುವುದು ಕೆರೆಯ ಆಚೆ ದಡದಲ್ಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ, ಅಲ್ವಾ. ಅದಕ್ಕೂ ಮುಂಚೆ ಆ ಕೆರೆಯಂಗಳ ಬಿರುಕು ಬಿಟ್ಟು ಒಣಗಿರುತ್ತಿತ್ತು. ಗಾಡಿ ಅದರ ಮೇಲೇ ನೇರವಾಗಿ ಓಡುತ್ತಿತ್ತು. ಈಗ ಅಂಚಿನಲ್ಲಿ ಮೊಣಕಾಲುದ್ದ ನೀರು, ಕೆಳಗೆ ಜೇಡಿ ಕೆಸರು, ಕೆಸರಿನೊಳಗೆ ಬಂಡೆ. ದಿನಕ್ಕೆ ನಾಲ್ಕು ಸಲ ಕ್ರೇಟು ತುಂಬಿಕೊಂಡು ಅದೇ ದಾರಿ. ಹಿಂದಿನ ದಿನ ಸಂಜೆ ಬಲ ಚಕ್ರ ಎರಡು ಬಂಡೆಯ ನಡುವೆ ಸಿಕ್ಕಿಕೊಂಡಿತ್ತು. ಲೋ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪಟ್ ಅಂತ ಸದ್ದು ಬಂತಂತೆ. ಆಮೇಲೆ ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದಾರೆ.

ನಾನು ಮೊದಲು ಫ್ರೀ ವೀಲ್ ಹಬ್ ಹಿಡಿದು ಅಲ್ಲಾಡಿಸಿ ನೋಡಿದೆ. ಅದು ಕೈಯಲ್ಲೇ ಅಲ್ಲಾಡಿತು. ಈ ಹಬ್ ಚಕ್ರದ ನಡುವೆ ಕೂತಿರುವ ಒಂದು ಬಟ್ಟಲಿನಂಥ ಭಾಗ. ಒಳಗಿನ ಆಕ್ಸಲ್ ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವುದು ಇದೇ. ಅದನ್ನು ಚಕ್ರದ ಹಬ್‌ಗೆ ಹಿಡಿದಿಡುವುದು ಸುತ್ತಲೂ ಇರುವ 6 ಬೋಲ್ಟು. ಎಂ8, ಅಂದರೆ 8 ಎಂಎಂ ದಪ್ಪದ ಬೋಲ್ಟು. ಅದರ ಸುರುಳಿ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ, ಅಂದರೆ ಪಿಚ್ಚು, 1.25 ಎಂಎಂ. ತಲೆಗೆ 12ರ ಸ್ಪ್ಯಾನರ್. ಕಿರುಬೆರಳಿಗಿಂತ ಸಣ್ಣವು. ಲೋ ಗೇರಿನ ಪೂರ್ತಿ ಶಕ್ತಿ ಈ ಆರರ ಮೂಲಕವೇ ಹೋಗಬೇಕು.

ಆರರಲ್ಲಿ ಎರಡಕ್ಕೆ ತಲೆಯೇ ಇರಲಿಲ್ಲ. ಮೂರನೆಯದೂ ಇರಲಿಲ್ಲ. ಆದರೆ ಅದರ ಕಥೆ ಬೇರೆ. ಸಂಜೆ ದಾರಿಯಲ್ಲಿ ಯಾರೋ ಒಬ್ಬರು ಸಹಾಯಕ್ಕೆ ಬಂದು, ಹಬ್ ಬಿಚ್ಚಿ ನೋಡೋಣ ಅಂತ ರಿಂಗ್ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ತಿರುಗಿಸಿದ್ದರು. ಒಂದು ಬೋಲ್ಟು ತಲೆ ಸಮೇತ ತುಂಡಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಈ ಕೆಲಸ ಒಂದೂವರೆ ಗಂಟೆಯಿಂದ ಮೂರು ದಿನಕ್ಕೆ ಬೆಳೆದದ್ದು ಆ ಒಂದು ಬೋಲ್ಟಿನಿಂದ.

ಉಳಿದ ಮೂರನ್ನು ಸಾವಧಾನವಾಗಿ ಬಿಚ್ಚಿ ಹಬ್ ಹೊರಗೆ ತೆಗೆದೆ. ಒಳಗಿನ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಂದರೆ ನೀರು ಒಳಗೆ ಹೋಗಿ ಬಹಳ ದಿನ ಆಗಿದೆ.

ಮುರಿದ ಮುಖ ಏನು ಹೇಳುತ್ತದೆ

ಮುರಿದ ಬೋಲ್ಟು ಕಂಡ ತಕ್ಷಣ ಕೈ ಡ್ರಿಲ್ ಮೆಷಿನ್ ಕಡೆ ಹೋಗುತ್ತದೆ. ನನ್ನ ಕೈಯೂ ವರ್ಷಗಟ್ಟಲೆ ಹಾಗೇ ಹೋಗುತ್ತಿತ್ತು. ಈ ಪ್ರಕರಣ ಬರೆಯಲು ಕಾರಣವೇ ಅದು. ಡ್ರಿಲ್ ಹಿಡಿಯುವ ಮುಂಚೆ ಬೋಲ್ಟು ಹೇಗೆ ಮುರಿಯಿತು ಅಂತ ಗೊತ್ತಿರಬೇಕು. ಓಡುವಾಗ ಕತ್ತರಿಸಿಹೋದ ಬೋಲ್ಟು ಬೇರೆ, ಬಿಚ್ಚುವಾಗ ತಿರುಚಿ ಮುರಿದ ಬೋಲ್ಟು ಬೇರೆ. ಎರಡಕ್ಕೂ ಒಂದೇ ಔಷಧಿ ಕೊಟ್ಟರೆ ಒಂದು ವಾಸಿಯಾಗುತ್ತದೆ, ಇನ್ನೊಂದು ಸಾಯುತ್ತದೆ.

ಯಾಕೆ ಅಂತ ನೋಡಿ. ಬಿಗಿ ಮಾಡಿದ ಬೋಲ್ಟು ಒಂದು ಎಳೆದ ಸ್ಪ್ರಿಂಗ್ ಇದ್ದ ಹಾಗೆ. ತಲೆ ಈ ಕಡೆ ಎಳೆಯುತ್ತದೆ, ಥ್ರೆಡ್ಡು ಆ ಕಡೆ ಎಳೆಯುತ್ತದೆ. ಆ ಎಳೆತದಿಂದಲೇ ಥ್ರೆಡ್ಡಿನ ಪಕ್ಕಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ತಲೆ ಕತ್ತರಿಸಿಹೋದರೆ ಎಳೆತವೂ ಹೋಯಿತು. ಒಳಗೆ ಉಳಿದ ತುಂಡಿಗೆ ತುಕ್ಕಿನ ಹಿಡಿತ ಇಲ್ಲದಿದ್ದರೆ ಅದು ಸುಮ್ನೆ ಥ್ರೆಡ್ಡಿನಲ್ಲಿ ಕೂತಿರುತ್ತದೆ. ಬೆರಳಲ್ಲಿ ತಿರುಗಿದರೂ ಆಶ್ಚರ್ಯ ಇಲ್ಲ. ತಿರುಚಿ ಮುರಿದದ್ದು ಹಾಗಲ್ಲ. ಸ್ಪ್ಯಾನರಿನ ಪೂರ್ತಿ ಶಕ್ತಿಗೂ ಅದು ಜಗ್ಗಲಿಲ್ಲ ಅಂತಲೇ ಅಲ್ವಾ ಮುರಿದದ್ದು? ಎಳೆತ ಹೋದ ಮೇಲೂ ಅದನ್ನು ಹಿಡಿದಿರುವುದು ತುಕ್ಕು.

ಬೋಲ್ಟಿನ ಮುಖ ಇದನ್ನು ತಾನೇ ಹೇಳುತ್ತದೆ. ಮೂರೂ ತುಂಡನ್ನು ಸೀಮೆಎಣ್ಣೆ ಹಚ್ಚಿದ ಬ್ರಷ್ಷಿನಿಂದ ತೊಳೆದು, ಭೂತಗನ್ನಡಿ ಹಿಡಿದು ನೋಡಿದೆ. ಮೊದಲನೆಯದರ ಮುಖ ಚಪ್ಪಟೆ. ಒಂದೇ ದಿಕ್ಕಿಗೆ ಸವರಿದ ಹಾಗೆ ಹೊಳಪು. ಇದು ಒಂದೇ ಏಟಿಗೆ ಅಡ್ಡಡ್ಡ ಕತ್ತರಿಸಿದ್ದು. ಎರಡನೆಯದರ ಮುಖದಲ್ಲಿ ಅರ್ಧ ಭಾಗ ಕಂದು ಬಣ್ಣ, ಕಪ್ಪೆಚಿಪ್ಪಿನ ಮೇಲಿನ ಹಾಗೆ ಒಂದರ ಪಕ್ಕ ಒಂದು ಗೆರೆ. ಉಳಿದ ಅರ್ಧ ಹೊಸದಾಗಿ ಮುರಿದ ಬೂದು ಬಣ್ಣ. ಅಂದರೆ ಇದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿರುಕು ಬಿಡುತ್ತಿತ್ತು. ಅರ್ಧ ಬೋಲ್ಟಿನ ಮೇಲೆಯೇ ಗಾಡಿ ಓಡುತ್ತಿತ್ತು. ಮೂರನೆಯದರ ಮುಖದಲ್ಲಿ ಸುಳಿ. ಮಡಕೆ ಮಾಡುವಾಗ ತಿಗರಿಯ ಮೇಲೆ ಬೆರಳಿನ ಗುರುತು ಸುತ್ತುತ್ತದಲ್ಲ, ಹಾಗೆ. ಇದು ತಿರುಚಿ ಮುರಿದದ್ದು.

ಮೊದಲ ಎರಡು ಬೋಲ್ಟಿನ ತುಂಡಿಗೆ ಹಳದಿ ಲೇಪ ಇನ್ನೂ ಉಳಿದಿತ್ತು. ಕಳಚಿ ಬಿದ್ದ ತಲೆಗಳಲ್ಲಿ ಒಂದು ಹಬ್‌ನ ಮಡಿಕೆಯ ಕೆಸರಿನಲ್ಲಿ ಸಿಕ್ಕಿತು, ಅದರ ಮೇಲೆ 8.8 ಅಂತ ಶಕ್ತಿಯ ದರ್ಜೆಯ ಗುರುತು ಇತ್ತು. ಮೂರನೆಯದರ ತಲೆಯನ್ನು ಮಾಲೀಕರು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಅದು ನುಣ್ಣಗೆ, ಏನೂ ಗುರುತಿಲ್ಲ. ಯಾರೋ ಎಂದೋ ಕೈಗೆ ಸಿಕ್ಕಿದ ಸಾಮಾನ್ಯ ಬೋಲ್ಟು ಹಾಕಿದ್ದರು.

ಮೊದಲ ಎರಡು: ಒಂದು ಗಂಟೆಯ ಕೆಲಸ

ಮೊದಲನೆಯದು ಹಬ್‌ನ ಮುಖಕ್ಕೆ ಸಮನಾಗಿ ಮುರಿದಿತ್ತು. ಚೂಪಾದ ಸಣ್ಣ ಉಳಿಯನ್ನು ಬೋಲ್ಟಿನ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಹಗುರವಾಗಿ ತಟ್ಟಿದೆ. ಐದಾರು ಏಟಿಗೆ ಕಾಲು ಸುತ್ತು ತಿರುಗಿತು. ಆಮೇಲೆ ಸೂಜಿಮೂತಿ ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದೆ.

ಎರಡನೆಯದು ಎರಡು ಮಿಲಿಮೀಟರ್ ಒಳಗೆ ಮುರಿದಿತ್ತು. ಉಳಿಗೆ ಅಂಚು ಸಿಗಲಿಲ್ಲ. ಇದಕ್ಕೆ ಎಡಗೈ ಡ್ರಿಲ್ ಬಿಟ್, ಅಂದರೆ ಎಡಕ್ಕೆ ತಿರುಗಿ ಕೊರೆಯುವ ಕಡ್ಡಿ, ಬಳಸಿದೆ. ಮಾಮೂಲಿ ಬಿಟ್ಟು ಬಲಕ್ಕೆ ತಿರುಗಿ ಕೊರೆಯುತ್ತದೆ, ಬೋಲ್ಟನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಎಡಗೈ ಬಿಟ್ಟು ಎಡಕ್ಕೆ ತಿರುಗಿ ಕೊರೆಯುತ್ತದೆ, ಮೆಷಿನ್ ರಿವರ್ಸ್‌ನಲ್ಲಿ ಇಟ್ಟರೆ ಸಾಕು. ಕೊರೆಯುತ್ತಲೇ ಬಿಚ್ಚುತ್ತದೆ. ಸಡಿಲ ತುಂಡಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಾನು ಒಂದು ಸೆಟ್ಟನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದು ಇಟ್ಟುಕೊಂಡಿದ್ದೇನೆ. ಸೆಂಟರ್ ಪಂಚ್ ಹೊಡೆದು, 4 ಎಂಎಂ ಬಿಟ್ಟಿನಲ್ಲಿ ನಿಧಾನವಾಗಿ ಕೊರೆದೆ. ಮೂರು ಮಿಲಿಮೀಟರ್ ಹೋಗುವಷ್ಟರಲ್ಲಿ ಬಿಟ್ಟು ಕಚ್ಚಿಕೊಂಡಿತು. ತುಂಡು ತಿರುಗುತ್ತಾ ಬಿಟ್ಟಿನ ಜೊತೆಗೇ ಹೊರಗೆ ಬಂತು.

ನಾನು ಮಾಡಿದ ತಪ್ಪು

ಮೂರನೆಯದಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಮಾಲೀಕರ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಕೊಯ್ದ ಹಣ್ಣು ತೋಟದಲ್ಲೇ ಕೂತಿತ್ತು. ಬಾದಾಮಿ ಮಾವು ಬಿಸಿಲಿಗೆ ಕಾಯುವುದಿಲ್ಲ. ಎರಡು ಬೋಲ್ಟು ಸಲೀಸಾಗಿ ಬಂದ ಹುಮ್ಮಸ್ಸು ನನಗೂ ಇತ್ತು. ಸುಳಿ ಬಿದ್ದ ಮುಖ ನೋಡಿದ್ದೆ, ಅದರ ಅರ್ಥವೂ ಗೊತ್ತಿತ್ತು. ಆದರೂ ಅವಸರ ಮಾಡಿದೆ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಮಾತ್ರ ಬಿಟ್ಟೆ. ಎಡಗೈ ಬಿಟ್ಟಿನಲ್ಲಿ 4 ಎಂಎಂ ತೂತು ಕೊರೆದೆ, ತುಂಡು ಅಲುಗಲಿಲ್ಲ. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಈಜಿ ಔಟ್ ತೆಗೆದುಕೊಂಡೆ. ಇದು ಎಡಕ್ಕೆ ಸುತ್ತಿದ ಥ್ರೆಡ್ಡಿರುವ, ತುದಿ ಸಣ್ಣಗಾಗುತ್ತಾ ಹೋಗುವ ಗಟ್ಟಿ ಉಕ್ಕಿನ ಸಾಧನ. ತೂತಿಗೆ ಹಾಕಿ ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ತುಂಡನ್ನು ಬಿಚ್ಚಬೇಕು. ಟ್ಯಾಪ್ ಹ್ಯಾಂಡಲ್ ಹಾಕಿ ತಿರುಗಿಸಿದೆ. ಗಟ್ಟಿಯಾಯಿತು. ಇನ್ನೂ ಸ್ವಲ್ಪ ತಿರುಗಿಸಿದೆ. ಟಿಕ್ ಅಂದಿತು. ಕೈಗೆ ಹಗುರವಾಯಿತು. ಈಜಿ ಔಟ್ ಒಳಗೇ ಮುರಿದಿತ್ತು.

ಇದು ಯಾಕೆ ಆಯಿತು ಅಂತ ಲೆಕ್ಕ ಹಾಕಿದರೆ ಸುಲಭವಾಗಿ ತಿಳಿಯುತ್ತದೆ. ಒಂದು ದುಂಡು ಕಂಬಿ ತಿರುಚುವ ಬಲವನ್ನು ಎಷ್ಟು ತಡೆಯುತ್ತದೆ ಅನ್ನುವುದು ಅದರ ವ್ಯಾಸದ ಘನಕ್ಕೆ ತಕ್ಕ ಹಾಗೆ. ವ್ಯಾಸ ಅರ್ಧ ಆದರೆ ಶಕ್ತಿ ಎಂಟರಲ್ಲಿ ಒಂದು ಪಾಲು. 8 ಎಂಎಂ ಬೋಲ್ಟೇ ತಡೆಯದೆ ಮುರಿದ ಕಡೆ, 4 ಎಂಎಂ ತೂತಿಗೆ ಹೋಗುವ ಸಾಧನ ಏನು ಮಾಡೀತು? ಅದರ ಉಕ್ಕು ಎಷ್ಟೇ ಗಟ್ಟಿ ಇದ್ದರೂ ಈ ಅಂತರ ತುಂಬುವುದು ಕಷ್ಟ. ಗಟ್ಟಿ ಉಕ್ಕು ಬಾಗುವುದೂ ಇಲ್ಲ, ಗಾಜಿನ ಹಾಗೆ ಮುರಿಯುತ್ತದೆ. ಅದರ ಮೇಲೆ ಇನ್ನೊಂದು ತೊಂದರೆ. ಅದು ಬೆಣೆಯ ಹಾಗೆ ಒಳಗೆ ಹೋಗುತ್ತಾ ಬೋಲ್ಟಿನ ತೆಳು ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಮೊದಲೇ ಹಿಡಿದುಕೊಂಡಿದ್ದ ಬೋಲ್ಟು ಇನ್ನೂ ಬಿಗಿಯಾಗುತ್ತದೆ. ಸಡಿಲ ತುಂಡಿಗೆ ಈಜಿ ಔಟ್ ಒಳ್ಳೆಯದೇ. ತುಕ್ಕು ಹಿಡಿದದ್ದಕ್ಕೆ ಅದು ಬೇಡ. ಇದನ್ನು ನಾನು ಈಗ ಖಚಿತವಾಗಿ ಹೇಳುತ್ತೇನೆ.

ಈಗ ಒಳಗಿರುವುದು ಮಾಮೂಲಿ ಡ್ರಿಲ್ ಬಿಟ್ಟಿನಷ್ಟೇ ಗಟ್ಟಿ ಉಕ್ಕು. ಬಿಟ್ಟು ಅದರ ಮೇಲೆ ಜಾರುತ್ತದೆ, ಪಕ್ಕದ ಮೆತ್ತನೆಯ ಹಬ್‌ನ ಲೋಹಕ್ಕೆ ಹೋಗುತ್ತದೆ, ತೂತು ಹಾಳಾಗುತ್ತದೆ. ನಾನು ಕೈ ತೆಗೆದೆ. ಮಾಲೀಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಕ್ಕದ ಊರಿನವರ ಟ್ರ್ಯಾಕ್ಟರ್ ಟ್ರೈಲರಿಗೆ ನಾನೇ ಮಾತಾಡಿ ಹಣ್ಣು ಸಾಗಿಸಲು ವ್ಯವಸ್ಥೆ ಮಾಡಿದೆ. ಆಮೇಲೆ ಬ್ರೇಕ್ ಕ್ಯಾಲಿಪರ್, ಬೇರಿಂಗಿನ ಲಾಕ್ ನಟ್ಟು ಎಲ್ಲಾ ಬಿಚ್ಚಿ, ಚಕ್ರದ ಹಬ್ಬನ್ನು ಡಿಸ್ಕ್ ಸಮೇತ ಹೊರಗೆ ತೆಗೆದೆ. ಬೇರಿಂಗ್, ಸೀಲು ಎರಡನ್ನೂ ತೆಗೆದು ಬೇರೆ ಇಟ್ಟೆ. ಮುಂದೆ ಬಿಸಿ ಮಾಡಬೇಕಾಗುತ್ತದೆ ಅಂತ ಆಗಲೇ ಅನ್ನಿಸಿತ್ತು. ಬೇರಿಂಗ್ ಇರುವಾಗ ಬಿಸಿ ಮಾಡಿದರೆ ಗ್ರೀಸು ಸುಡುತ್ತದೆ, ಸೀಲು ಕರಗುತ್ತದೆ. ಗಾಡಿಯಲ್ಲೇ ಇಟ್ಟು ವೆಲ್ಡಿಂಗ್ ಮಾಡಿ ಅರ್ತ್ ಕ್ಲಿಪ್ಪನ್ನು ಎಲ್ಲೋ ಚಾಸಿಗೆ ಹಾಕಿದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು ಅವುಗಳ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತದೆ.

ಕೆ.ಜಿ.ಎಫ್.ನ ಟರ್ನರ್

ಮಾರನೆಯ ದಿನ ಹಬ್ಬನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಬಂಗಾರಪೇಟೆ ದಾಟಿ ಕೆ.ಜಿ.ಎಫ್.ಗೆ ಹೋದೆ. ಅಲ್ಲಿ ನನಗೆ ಗೊತ್ತಿರುವ ಒಬ್ಬ ಹಿರಿಯ ಟರ್ನರ್, ಅಂದರೆ ಲೇತ್ ಕೆಲಸದವರು, ಇದ್ದಾರೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಂದು ಹಳೆಯ ಲೇತ್ ಹಾಕಿಕೊಂಡು ತಮ್ಮದೇ ಶೆಡ್ಡು ನಡೆಸುತ್ತಿದ್ದಾರೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಅವರ ಶೆಡ್ಡಿನ ಬಾಗಿಲಿನಿಂದ ಕಾಣುತ್ತವೆ. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಕೆಳಗೆ ಒಂದು ಪಂಪು ಕೆಟ್ಟರೆ ಹೊಸದು ಬರುವ ತನಕ ಕಾಯುವ ಹಾಗಿರಲಿಲ್ಲ, ಇದ್ದದ್ದನ್ನೇ ಸರಿ ಮಾಡಬೇಕಿತ್ತು ಅಂತ ಅವರು ಹೇಳುತ್ತಾರೆ. ಅಂಥ ಕಡೆ ಪಳಗಿದ ಕೈ. ಅವರು ಥ್ರೆಡ್ಡಿಗೆ ತಮಿಳಿನ ರೂಢಿಯಂತೆ ಮರೆ ಅನ್ನುತ್ತಾರೆ. ನನಗೂ ಅದೇ ಮಾತು ಬಾಯಿಗೆ ಬಂದುಬಿಟ್ಟಿದೆ.

ಅವರು ಹಬ್ಬನ್ನು ಬೆಂಚಿನ ಮೇಲೆ ಇಟ್ಟು ಕೇಳಿದ ಮೊದಲ ಮಾತು, ಇದು ಓಡ್ತಾ ಮುರೀತಾ, ಬಿಚ್ತಾ ಮುರೀತಾ? ಬಿಚ್ಚುವಾಗ ಅಂದೆ. ಹಂಗಾದ್ರೆ ತಿರುಗಿಸೋ ಮಾತು ಆಮೇಲೆ, ಮೊದ್ಲು ತುಕ್ಕು ಬಿಡಿಸ್ಬೇಕು ಅಂದರು. ಆಮೇಲೆ ನಾನು ಕೊರೆದ ತೂತನ್ನು ನೋಡಿದರು. ಅದು ನಡುವಿನಿಂದ ಸುಮಾರು ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಗಿತ್ತು.

ಅಲ್ಲಿ ನಾನು ಕಲಿತ ಒಂದು ವಿದ್ಯೆ ಬಹಳ ದೊಡ್ಡದು. ಮುರಿದ ಬೋಲ್ಟಿನ ಸರಿಯಾದ ನಡು ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಹುಡುಕಬೇಕಾಗಿಲ್ಲ. ಆ ಬೋಲ್ಟು ಹಿಡಿಯುತ್ತಿದ್ದ ಭಾಗದಲ್ಲೇ ಅದಕ್ಕೆ ತೂತು ಇದೆ. ಫ್ರೀ ವೀಲ್ ಹಬ್ಬನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಒಳ್ಳೆಯ ಬೋಲ್ಟುಗಳಿಂದ ಬಿಗಿ ಮಾಡಬೇಕು. ಆ ತೂತಿಗೆ ಸರಿಯಾಗಿ ಕೂರುವ ಒಂದು ಸಣ್ಣ ಬುಶ್ಶನ್ನು, ಅಂದರೆ ಕೊಳವೆಯಂಥ ತುಂಡನ್ನು, ಲೇತಿನಲ್ಲಿ ತಿರುವಬೇಕು, ಅದರ ನಡುವೆ 4 ಎಂಎಂ ತೂತು. ಬಿಟ್ಟು ಆ ಬುಶ್ಶಿನ ಮೂಲಕ ಹೋದರೆ ಪಕ್ಕಕ್ಕೆ ಸರಿಯುವ ಪ್ರಶ್ನೆಯೇ ಇಲ್ಲ. ಹತ್ತು ನಿಮಿಷದ ಲೇತ್ ಕೆಲಸ. ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ. ಇದನ್ನು ಓದುವ ಮೆಕ್ಯಾನಿಕ್‌ಗಳು ಬೇರೆ ಏನು ಮರೆತರೂ ಈ ಬುಶ್ಶನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಮೊದಲು ಈಜಿ ಔಟ್ ಹೊರಗೆ ಬರಬೇಕಿತ್ತು. ಗಟ್ಟಿ ಉಕ್ಕು ಕೊರೆಯಲು ಬಗ್ಗುವುದಿಲ್ಲ, ಆದರೆ ಏಟಿಗೆ ಒಡೆಯುತ್ತದೆ. ಅವರು ಇಬ್ಬರ ಕಣ್ಣಿಗೂ ಕನ್ನಡಕ ಹಾಕಿಸಿದರು. ಕಾರ್ಬೈಡ್ ತುದಿಯ ಸಣ್ಣ ಪಂಚನ್ನು ಅದರ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಚುರುಕಾಗಿ ಹೊಡೆದರು. ಜೋರಾಗಿ ಅಲ್ಲ, ಚುರುಕಾಗಿ. ಅದು ಪುಡಿ ಪುಡಿಯಾಗಿ ಒಡೆಯಿತು. ಅಯಸ್ಕಾಂತದ ಕಡ್ಡಿಯಿಂದ ಚೂರುಗಳನ್ನು ಎತ್ತಿದರು. ಮತ್ತೆ ಹೊಡೆದರು, ಮತ್ತೆ ಎತ್ತಿದರು. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಹೀಗೆ ಬರದಿದ್ದರೆ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ಕಡೆ, ಅಂದರೆ ಬೆಂಗಳೂರಿಗೆ, ಒಯ್ಯಬೇಕಾಗುತ್ತಿತ್ತು.

ಬಿಸಿ, ಮೇಣ, ತಾಳ್ಮೆ

ಈಗ ಉಳಿದದ್ದು ನಡುವೆ ತೂತಾದ, ಮುಖಕ್ಕಿಂತ ಸ್ವಲ್ಪ ಒಳಗಿರುವ ತುಕ್ಕು ಹಿಡಿದ ತುಂಡು. ಅವರು ಆರಿಸಿದ್ದು ವೆಲ್ಡಿಂಗ್.

ಅದಕ್ಕೂ ಮುಂಚೆ ಹಬ್ಬನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದರು. ನಾನು ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆಯಲು ಹೋದೆ, ಕೈ ಹಿಡಿದು ತಡೆದರು. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಒಣಗದೆ ಉಳಿದ ಜಾಗದಲ್ಲಿ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವೇ ಸಾಕು, ಶ್ವಾಸಕೋಶಕ್ಕೆ ಪ್ರಾಣಾಪಾಯ. ಹಾಗೇ, ವೆಲ್ಡ್ ಮಾಡುವ ನಟ್ಟಿಗೆ ಸತುವಿನ ಲೇಪ ಇರಬಾರದು. ಇದ್ದರೆ ಉಜ್ಜಿ ತೆಗೆಯಬೇಕು. ಆ ಹೊಗೆಯೂ ಜ್ವರ ಬರಿಸುತ್ತದೆ, ವೆಲ್ಡೂ ತೂತು ತೂತಾಗುತ್ತದೆ.

ತುಂಡಿನ ಮೇಲೆ ಒಂದು ದಪ್ಪ ವಾಷರ್ ಇಟ್ಟರು. 2.5 ಎಂಎಂ ಲೋ ಹೈಡ್ರೋಜನ್ ವೆಲ್ಡಿಂಗ್ ರಾಡಿನಿಂದ ತುಂಡಿನ ನಡುವಿನ ತೂತನ್ನೇ ತುಂಬುತ್ತಾ ಮೇಲಕ್ಕೆ ಬಂದು ವಾಷರಿಗೆ ಸೇರಿಸಿದರು. ಆರ್ಕ್, ಅಂದರೆ ವೆಲ್ಡಿಂಗಿನ ಕಿಡಿ, ಹಬ್‌ನ ಗೋಡೆಗೆ ತಾಗದ ಹಾಗೆ ನಡುವಿನಲ್ಲೇ ಇಡಬೇಕು. ವಾಷರ್ ಮೇಲೆ ಎಂ10 ನಟ್ಟು ಇಟ್ಟು ಅದರ ಒಳಗೂ ತುಂಬಿದರು. ಈಗ ಮುರಿದ ಬೋಲ್ಟಿಗೆ ಹೊಸ ತಲೆ ಬಂತು.

ನಾನು ತಕ್ಷಣ ಸ್ಪ್ಯಾನರ್ ಹಾಕಲು ಹೋದೆ. ಅವರು ಬಿಡಲಿಲ್ಲ. ಇಲ್ಲಿ ಹೊಸ ತಲೆಗಿಂತ ಮುಖ್ಯವಾದದ್ದು ಬಿಸಿ. ಕಬ್ಬಿಣ ಒಂದು ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 8 ಎಂಎಂ ಬೋಲ್ಟು 500 ಡಿಗ್ರಿ ಬಿಸಿಯಾದರೆ ಅಡ್ಡಕ್ಕೆ 0.05 ಎಂಎಂನಷ್ಟು ಹಿಗ್ಗಲು ನೋಡುತ್ತದೆ. ಸುತ್ತಲಿನ ಹಬ್ ಇನ್ನೂ ತಣ್ಣಗಿದೆ, ಜಾಗ ಕೊಡುವುದಿಲ್ಲ. ಮೆತ್ತಗಾದ ಬೋಲ್ಟು ಇದ್ದ ಜಾಗದಲ್ಲೇ ಒತ್ತಿಕೊಳ್ಳುತ್ತದೆ. ತಣ್ಣಗಾದಾಗ ಮೊದಲಿಗಿಂತ ಕೂದಲಿನಷ್ಟು ಸಣ್ಣಗಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ, ಅದಕ್ಕೇ ಬೋಲ್ಟನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ಅದು ಜಗ್ಗುವ ವಸ್ತು ಅಲ್ಲ. ಈ ಹಿಗ್ಗು ಕುಗ್ಗಿಗೆ ಬಿರುಕು ಬಿಡುತ್ತದೆ.

ಕೆಂಪು ಆರಿ, ಬೋಲ್ಟು ಕಪ್ಪಾದ ಮೇಲೆ ಅವರು ಒಂದು ಮೇಣದಬತ್ತಿಯನ್ನು ಅದರ ಬುಡಕ್ಕೆ ಮುಟ್ಟಿಸಿದರು. ಮೇಣ ನೀರಿನ ಹಾಗೆ ಕರಗಿ, ಬಿರುಕು ಬಿಟ್ಟ ತುಕ್ಕಿನ ಸಂದಿಗೆ ಎಳೆದುಕೊಂಡು ಹೋಯಿತು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವುದೂ ಹೀಗೇ ಅಲ್ವಾ. ಸ್ಪ್ರೇ ಎಣ್ಣೆ ಇಷ್ಟು ಬಿಸಿಗೆ ಆವಿಯಾಗಿ ಹೋಗುತ್ತದೆ, ಕೆಲವು ಹೊತ್ತಿಕೊಳ್ಳುತ್ತವೆ.

ಮೊದಲನೆಯ ನಟ್ಟು ವೆಲ್ಡ್ ಬಿಟ್ಟು ಕೈಗೆ ಬಂತು. ಅವರಿಗೆ ಬೇಸರವೇ ಆಗಲಿಲ್ಲ. ಬಿಸಿ ಕೊಟ್ಟದ್ದು ವ್ಯರ್ಥ ಆಗ್ಲಿಲ್ಲ ಅಂದರು. ಎರಡನೆಯದೂ ಬಿಟ್ಟಿತು. ಮೂರನೆಯದು ಹಿಡಿಯಿತು. ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ನೂಲು ಒತ್ತಿದರು, ಆಮೇಲೆ ಬಿಚ್ಚುವ ದಿಕ್ಕಿಗೆ. ಹಿಂದೆ, ಮುಂದೆ. ಕಿರ್ ಅಂತ ಸಣ್ಣ ಸದ್ದು ಬಂತು. ಒಂದೇ ಸಲಕ್ಕೆ ಎಳೆಯಲಿಲ್ಲ. ಎಂಟರಲ್ಲಿ ಒಂದು ಸುತ್ತು ಬಿಚ್ಚಿ, ಅರ್ಧ ಹಿಂದಕ್ಕೆ. ತುಕ್ಕಿನ ಪುಡಿ ಮರೆಯ ಸಂದಿಯಲ್ಲಿ ಸಿಕ್ಕಿ ಮತ್ತೆ ಜಾಮ್ ಆಗದಿರಲಿ ಅಂತ. ನಡುವೆ ಇನ್ನೊಂದು ಸಲ ಮೇಣ. ಇಪ್ಪತ್ತು ನಿಮಿಷಕ್ಕೆ ಬೋಲ್ಟು ಪೂರ್ತಿ ಹೊರಗೆ ಬಂತು. ಹಬ್‌ನ ಥ್ರೆಡ್ಡಿಗೆ ಏನೂ ಆಗಿರಲಿಲ್ಲ. ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಇದೂ ಆಗದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಅವರ ಉತ್ತರ ಇದು. ಬುಶ್ಶು ಕೂರಿಸಿ, ಹಂತ ಹಂತವಾಗಿ 6.8 ಎಂಎಂ ತನಕ ಕೊರೆಯುವುದು. ತೂತಿನೊಳಗೆ ಥ್ರೆಡ್ಡು ಕೊರೆಯುವ ಎಂ8, 1.25 ಪಿಚ್ಚಿನ ಟ್ಯಾಪಿಗೆ ಮುಂಚೆ ಹೊಡೆಯುವ ತೂತಿನ ಅಳತೆ ಅದೇ. ನಡು ಸರಿಯಾಗಿದ್ದರೆ ಬೋಲ್ಟಿನ ಥ್ರೆಡ್ಡು ಮಾತ್ರ ಸುರುಳಿ ತಂತಿಯ ಹಾಗೆ ಉಳಿಯುತ್ತದೆ, ಸೂಜಿಯಲ್ಲಿ ಎಳೆದು ತೆಗೆದು ಟ್ಯಾಪ್ ಹೊಡೆಯಬಹುದು. ಅದೂ ಕೆಟ್ಟರೆ 8.3 ಎಂಎಂಗೆ ಕೊರೆದು ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗುವ ತಂತಿಯ ಸುರುಳಿ, ಹಾಕುವುದು.

ಯಾಕೆ ಮುರಿಯಿತು

ಬೋಲ್ಟು ತೆಗೆದರೆ ಅರ್ಧ ಕೆಲಸ ಆಯಿತು ಅಷ್ಟೆ. ಕಾರಣ ಸಿಗದಿದ್ದರೆ ಮುಂದಿನ ಮಾವಿನ ಕಾಲಕ್ಕೆ ಅದೇ ಗಾಡಿ ಮತ್ತೆ ಬರುತ್ತದೆ. ಮಾಲೀಕರು ಬಂಡೆಯ ಮೇಲೆ ತಪ್ಪು ಹೊರಿಸಿದ್ದರು. ಆದರೆ ಎರಡನೆಯ ಬೋಲ್ಟಿನ ಕಂದು ಗೆರೆಗಳು ಬೇರೆ ಹೇಳುತ್ತಿದ್ದವು. ಬಂಡೆ ಕೊನೆಯ ಏಟು ಕೊಟ್ಟದ್ದು ಮಾತ್ರ.

ಗ್ಯಾರೇಜಿಗೆ ಬಂದು ಫ್ರೀ ವೀಲ್ ಹಬ್, ಚಕ್ರದ ಹಬ್ ಎರಡೂ ಕೂಡುವ ಮುಖಗಳನ್ನು ನೋಡಿದೆ. ಎರಡರ ಮೇಲೂ ದಪ್ಪಗೆ ಕಪ್ಪು ಪೇಂಟು. ಹಿಂದೆ ಯಾವಾಗಲೋ ಗಾಡಿ ಚಂದ ಮಾಡಿಸುವಾಗ ಬಿಚ್ಚಿ, ಒಳಮುಖಕ್ಕೂ ಪೇಂಟ್ ಹೊಡೆದು ಹಾಗೇ ಜೋಡಿಸಿದ್ದಾರೆ. ಬೋಲ್ಟಿನ ಸುತ್ತ ಪೇಂಟು ಅರೆದು ಹೋಗಿ ಲೋಹ ಕಾಣುತ್ತಿತ್ತು.

ಈ ಆರು ಬೋಲ್ಟುಗಳು ಅಡ್ಡ ಬಲ ಹೊರಬೇಕಾದವಲ್ಲ. ಅವು ಎರಡು ಮುಖಗಳನ್ನು ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಬರುವ ಘರ್ಷಣೆಯೇ ಚಕ್ರವನ್ನು ತಿರುಗಿಸುತ್ತದೆ. ನಡುವೆ ಪೇಂಟಿದ್ದರೆ ಅದು ದಿನ ಕಳೆದ ಹಾಗೆ ಒತ್ತಿ ತೆಳುವಾಗುತ್ತದೆ. ಬೋಲ್ಟಿನ ಎಳೆತ ಅಷ್ಟಕ್ಕಷ್ಟು ಕಡಿಮೆಯಾಗುತ್ತದೆ. ಅದರ ಜೊತೆಗೆ ಒಂದು ಗುರುತಿಲ್ಲದ ಬೋಲ್ಟು. 8.8 ದರ್ಜೆಯ ಬೋಲ್ಟು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುತ್ತದೆ. ಸಾಮಾನ್ಯ 4.6 ದರ್ಜೆಯದು ತಡೆಯುವುದು 400. ಮೊದಲು ಹಿಗ್ಗಿ ಸಡಿಲವಾಗುವುದು ಅದೇ. ಹಬ್ ಕೂದಲಿನಷ್ಟು ಜಾರಲು ಶುರು ಮಾಡಿತು, ಗಟ್ಟಿ ಬೋಲ್ಟುಗಳಿಗೆ ಅಡ್ಡ ಏಟು ಬೀಳಲು ಶುರುವಾಯಿತು. ಆ ಸಂದಿಯಿಂದಲೇ ಕೆರೆಯ ನೀರು ಒಳಗೆ ಹೋಯಿತು. ಲೇಪ ಇಲ್ಲದ ಬೋಲ್ಟು ತುಕ್ಕು ಹಿಡಿದು ಅಲ್ಲೇ ಬೆಸೆದುಕೊಂಡಿತು. ಮೂರು ಬೋಲ್ಟಿನ ಮೂರು ಸ್ಥಿತಿಗೂ ಮೂಲ ಒಂದು ಪದರ ಪೇಂಟು ಮತ್ತು ಹತ್ತು ಹದಿನೈದು ರೂಪಾಯಿಯ ಒಂದು ಬೋಲ್ಟು.

ಜೋಡಿಸುವಾಗ ಎರಡೂ ಮುಖ ಉಜ್ಜಿ ಬರೀ ಲೋಹ ಮಾಡಿದೆ. ಆರೂ ತೂತಿಗೆ ಟ್ಯಾಪ್ ಓಡಿಸಿ ಗಾಳಿ ಹೊಡೆದೆ. ಆರೂ ಬೋಲ್ಟು ಹೊಸದು, ಒಂದೇ ಉದ್ದ, ತಲೆಯ ಮೇಲೆ 8.8 ಇರುವುದು. 10.9 ಹಾಕಿ, ಇನ್ನೂ ಗಟ್ಟಿ ಅಲ್ವಾ ಅಂತ ಮಾಲೀಕರು ಕೇಳಿದರು. ಗಟ್ಟಿ ಬೋಲ್ಟು ಹಾಕಿದರೆ ಅದಕ್ಕೆ ತಕ್ಕ ಹಾಗೆ ಜಾಸ್ತಿ ಬಿಗಿ ಮಾಡಿದಾಗ ಮಾತ್ರ ಲಾಭ. ಹಾಗೆ ಮಾಡಿದರೆ ಒಳಗಿನ ಥ್ರೆಡ್ಡಿಗೆ ಪೆಟ್ಟು. ಅದಕ್ಕೇ ಬೇಡ ಅಂದೆ. ಥ್ರೆಡ್ಡಿಗೆ ನೀಲಿ ಲಾಕರ್ ಅಂಟು ಹಚ್ಚಿದೆ. ಅದು ಸಡಿಲವಾಗದ ಹಾಗೆ ಹಿಡಿಯುತ್ತದೆ, ಸಂದಿ ತುಂಬಿ ನೀರನ್ನೂ ತಡೆಯುತ್ತದೆ, ಆದರೂ ಕೈ ಸಾಧನದಲ್ಲಿ ಬಿಚ್ಚಬಹುದು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರಿನಲ್ಲಿ 25 ನ್ಯೂಟನ್ ಮೀಟರಿಗೆ, ಎದುರು ಬದುರಾಗಿ, ಎರಡು ಹಂತದಲ್ಲಿ ಬಿಗಿ ಮಾಡಿದೆ. ಪ್ರತಿ ತಲೆಯಿಂದ ಹಬ್‌ಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಬೋಲ್ಟು ತಿರುಗಿದರೆ ಗೆರೆ ತಪ್ಪುತ್ತದೆ, ಸ್ಪ್ಯಾನರ್ ಇಲ್ಲದೇ ಗೊತ್ತಾಗುತ್ತದೆ. ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬಿ, ಹೊಸ ಸೀಲು ಹಾಕಿದೆ.

ಈಜಿ ಔಟ್ ಮುರಿದದ್ದು ನನ್ನ ಕೈಯಲ್ಲಿ, ಹಾಗಾಗಿ ಟರ್ನರ್ ಕೂಲಿ ನಾನೇ ಕೊಟ್ಟೆ. ಮಾಲೀಕರು ಕೊಡುತ್ತೇನೆ ಅಂದರು, ತೆಗೆದುಕೊಳ್ಳಲಿಲ್ಲ.

100 ಕಿಲೋಮೀಟರ್ ಓಡಿದ ಮೇಲೆ ತೋರಿಸಿ ಅಂತ ಹೇಳಿ ಕಳಿಸಿದೆ. ಅವರು ಹತ್ತು ದಿನಕ್ಕೆ ಬಂದರು, ನನಗೆ ಅಂತ ಒಂದು ಕ್ರೇಟು ಮಲ್ಲಿಕಾ ಹಣ್ಣೂ ತಂದಿದ್ದರು. ಆರೂ ಗೆರೆ ನೇರವಾಗಿದ್ದವು. ಆದರೆ ಎಡಗಡೆ ಹಬ್‌ನ ಸಂದಿಯಲ್ಲೂ ಅದೇ ಕಪ್ಪು ಪೇಂಟು ಇಣುಕುತ್ತಿತ್ತು. ಅವತ್ತು ಬಿಚ್ಚಲಿಲ್ಲ. ಎಣ್ಣೆ ಹಾಕಿ, ಪ್ರತಿ ತಲೆಯ ಮೇಲೆ ಸುತ್ತಿಗೆಯಿಂದ ಹತ್ತು ಹತ್ತು ಸಣ್ಣ ಏಟು ಕೊಟ್ಟು, ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ಆರು ಕಡೆಯ ಪಾನಾದಿಂದ ಒಂದೊಂದನ್ನೇ ಹಿಂದೆ ಮುಂದೆ ಆಡಿಸಿದೆ. ನಾಲ್ಕು ಬಿಟ್ಟವು. ಎರಡು ಬಿಡಲಿಲ್ಲ. ಅವುಗಳ ತಲೆಯ ಮೇಲೂ ಗುರುತಿರಲಿಲ್ಲ. ಪೈಪ್ ಹಾಕಲಿಲ್ಲ. ಹಬ್ ಸಮೇತ ಬಿಚ್ಚಿ, ಬೇರಿಂಗ್ ತೆಗೆದು, ತಲೆಗಳಿಗೆ ಬಿಸಿ ಕೊಟ್ಟು ಮೇಣ ಮುಟ್ಟಿಸಿದೆ. ಒಂದು ಎರಡನೆಯ ಸಲಕ್ಕೆ ಬಂತು, ಇನ್ನೊಂದು ನಾಲ್ಕನೆಯ ಸಲಕ್ಕೆ. ಆರೂ ತಲೆ ಸಮೇತ ಹೊರಗೆ ಬಂದವು.